ಹೆಂಡತಿ ತಂದ ಹಗುರ ಬೂಟು

ಬೈಲಹೊಂಗಲದ ಪೇಟೆಯಲ್ಲಿ ಬೂಟು ಹೊಲಿದು ಮಾರುವವ ನಾನು. ನಗಿಸಬೇಕು ಅಂತ ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಆದರೂ ಒಂದು ಕಾಲಿನ ಅಳತೆ ಹಿಡಿಯುವುದರೊಳಗೆ ಏನಾದರೊಂದು ಆಗಿರುತ್ತದೆ. ಹೆಂಡತಿ ಸತ್ತ ವರ್ಷವೂ ಅದು ನಿಲ್ಲಲಿಲ್ಲ.

೧

ಫುಟ್ಬಾಲ್ ಬೂಟು ನಾನು ಕೈಯಲ್ಲೇ ಹೊಲಿಯುತ್ತಿದ್ದೆ. ದಪ್ಪ ತೊಗಲು, ಮೂರು ಪದರದ ಅಟ್ಟೆ, ಕಾಲು ಜಾರದಂತೆ ಕೆಳಗೆ ಮೊಳೆ ಹೊಡೆದು ಕೂಡಿಸಿದ ತೊಗಲಿನ ಗುಬ್ಬಿ. ಹತ್ತು ವರ್ಷ ಹರಿಯುವುದಿಲ್ಲ. ಮಳೆಯಲ್ಲಿ ತೊಯ್ದರೆ ಮಾತ್ರ ಕಾಲು ಎತ್ತಲು ಆಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ದಾರ, ಮೊಳೆ ತರಲು ಬೆಳಗಾವಿಗೆ ಹೋದ ಹೆಂಡತಿ ಹನ್ನೆರಡು ಜೋಡಿ ಹೊಸ ನಮೂನೆಯ ಬೂಟು ಹೊತ್ತು ತಂದಳು. ತೆಳ್ಳಗಿನ ಪ್ಲಾಸ್ಟಿಕ್ ತೊಗಲು. ಅಟ್ಟೆ, ಗುಬ್ಬಿ ಎಲ್ಲ ಒಂದೇ ಎರಕ.

"ಇದು ಬೂಟೋ ಹಪ್ಪಳೋ?" ಅಂದೆ.

"ಇವು ಓಡಾಕ ರೀ. ನೀವು ಹೊಲಿಯೂವು ಹೊಲಾ ಉಳಾಕ" ಅಂದಳು.

ಎಂಟು ದಿನ ಮಾತು ಬಿಟ್ಟೆ. ಶ್ರಾವಣದಲ್ಲಿ ಆಕೆಗೆ ಜ್ವರ ಬಂತು. ಮೂರು ದಿನ. ಮುಗಿಯಿತು. ಹಲಗೆಯ ಮೇಲೆ ಹನ್ನೆರಡು ಡಬ್ಬಿ ಹಾಗೇ ಇದ್ದವು.

ಕುಂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಂಗಡಿ ತೆರೆಯುವುದು, ಬಸ್ ನಿಲ್ದಾಣದವರೆಗೆ ಹೋಗುವುದು, ಬರುವುದು, ಡಬ್ಬಿ ಇಳಿಸುವುದು, ಮತ್ತೆ ಏರಿಸುವುದು. ಆ ಬೂಟು ಸಾಲಕ್ಕೆ ಕೊಟ್ಟಿದ್ದ ಬೆಳಗಾವಿಯ ವ್ಯಾಪಾರಿ ಬಂದ. "ದೀಪಾವಳಿತನಕ ಹೋಗದಿದ್ರ ಮಾಲು ವಾಪಸ ಒಯ್ತೇನ್ರಿ" ಅಂದ. ವಾಪಸು ಕೊಟ್ಟರೆ ಆಕೆ ಮಾಡಿದ್ದು ತಪ್ಪು ಅಂತ ನಾನೇ ಹೇಳಿದಂತೆ.

"ಒಂದೂ ಕೊಡೂದಿಲ್ಲ" ಅಂದೆ.

ಅವ ನನ್ನ ಮುಖ ನೋಡಿದ. "ಆಷಾಢದಾಗ ನೀವ ಫೋನ್ ಮಾಡಿ, ಹನ್ನೆರಡೂ ಒಯ್ಯಿ ಅಂತ ಬೈದಿದ್ರೆಲ್ಲಾ ಯಜಮಾನ್ರ?"

೨

ಮುನವಳ್ಳಿಯ ರೈತನೊಬ್ಬ ಮಗನಿಗೆ ಬೂಟು ಕೊಳ್ಳಲು ಬಂದ. ನಮ್ಮ ಕಡೆ ಕಾಲಿಗೆ ಹಾಕಿ ನೋಡುವುದು ಆಮೇಲೆ. ಮೊದಲು ಕೈಯಲ್ಲಿ ತೂಗಿ ನೋಡುತ್ತಾರೆ. ಭಾರ ಇದ್ದರೆ ಗಟ್ಟಿ ಮಾಲು. ಅವನೂ ಒಂದು ಕೈಯಲ್ಲಿ ನನ್ನ ಬೂಟು, ಇನ್ನೊಂದರಲ್ಲಿ ಹೊಸದು ಹಿಡಿದ.

"ಹೊಸಾದು ಹಗೂರ ಐತಿ. ಓಡಾಕ ಚಲೋ" ಅಂದೆ.

"ಬರಿಗಾಲು ಇನ್ನೂ ಹಗೂರ ಅಲ್ರಿ?" ಅಂದ.

ಡಬ್ಬಿ ಸಮೇತ ಎದುರಿನ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಗೆ ಹಾಕಿಸಿದ. ತಿರುಗಿ ಬಂದು ನಾನು ಹೊಲಿದ ಜೋಡಿಯನ್ನೇ ತೆಗೆದುಕೊಂಡ. ಹೋಗುವಾಗ ಮೆಟ್ಟಿಲ ಮೇಲೆ ನಿಂತ.

"ಬೂಟಿಗಿಂತ ಡಬ್ಬಿ ಭಾರ ಬಂತ್ರಿ. ಬರೇ ಡಬ್ಬಿ ಕೊಡ್ತೀರೇನು?"

೩

ಮೊದಲ ಜೋಡಿ ಒಯ್ದವರು ಮುರಗೋಡದ ಡ್ರಿಲ್ ಮಾಸ್ತರರು. ಒಂದು ಹೋಯಿತು ನೋಡು ಅಂತ ಒಳಗಿನ ಬಾಗಿಲ ಕಡೆ ತಿರುಗಿ ಹೇಳಿದೆ. ಕೇಳಲು ಯಾರೂ ಇರಲಿಲ್ಲ.

ಎಂಟು ದಿನಕ್ಕೆ ಮಾಸ್ತರರು ತಾಯಿಯನ್ನು ಕರೆದುಕೊಂಡು ಬಂದರು. ಅಂಟು ಬಿಟ್ಟು ಬೂಟು ಒಂದು ಕಡೆ, ಅಟ್ಟೆ ಒಂದು ಕಡೆ. ಮುದುಕಿಯೇ ಮಾತಾಡಿದಳು.

"ಹೊಸಾ ಚಪ್ಪಲಿಗೆ ಹಾಕಿದಂಗ ಔಡಲೆಣ್ಣಿ ತುಂಬಿ ಮೂರು ದಿನ ಬಿಸಲಾಗ ಇಟ್ಟೇನಿ. ಒಂದು ಹನಿ ಕುಡೀಲಿಲ್ಲ ನಿನ್ನ ಬೂಟು."

"ಅವ್ವಾ, ಅದು ತೊಗಲಲ್ಲ. ಎಣ್ಣಿ ಹಾಕಬಾರದು."

"ಎಣ್ಣಿ ಕುಡೀಲಾರದ್ದನ್ನ ಕಾಲಿಗೆ ಯಾಕ ಹಾಕಬೇಕು?"

ಆಟದಲ್ಲಿ ಮಾಸ್ತರರು ಗೋಲಿಗೆ ಜೋರಾಗಿ ಒದ್ದಿದ್ದರಂತೆ. ಚೆಂಡು ಅಲ್ಲೇ ಉಳಿದು ಬೂಟು ಹಾರಿತಂತೆ. ಗೋಲು ಕಾಯುವವ ಜಿಗಿದು ಬೂಟನ್ನೇ ಹಿಡಿದನಂತೆ.

ಮಾಸ್ತರರು ಸಣ್ಣಗೆ ಹೇಳಿದರು, "ಹಿಡದಾಂವ ಇನ್ನೂ ಕೈ ತೊಳ್ಯಾಕ ಹತ್ಯಾನ್ರಿ."

೪

ದೀಪಾವಳಿಗೆ ಹದಿನೈದು ದಿನ. ಹನ್ನೊಂದು ಜೋಡಿ ಉಳಿದಿದ್ದವು. ಕೈಗೆ ಭಾರ ಬೇಕು ಅಷ್ಟೇ ತಾನೇ? ಎತ್ತಿಗೆ ಲಾಳ ಹೊಡೆಯುವವನ ಹತ್ತಿರ ಹೋಗಿ ಸವೆದ ಲಾಳ ತಂದೆ. ಒಂದೊಂದು ಬೂಟಿನ ಒಳ ಅಟ್ಟೆಯ ಕೆಳಗೆ ಒಂದೊಂದು ಇಟ್ಟೆ. ಕೊಂಡವರಿಗೆ, ಲಾಳ ತೆಗೆದು ಹಾಕಿಕೊಳ್ಳಿರಿ ಅಂತ ಹೇಳಿದರಾಯಿತು.

ರಾಮದುರ್ಗದ ತಂಡದವರು ಬಂದರು. ಅವರ ನಾಯಕ ಒಂದನ್ನು ಕೈಯಲ್ಲಿ ತೂಗಿದ. "ಇದು ಮಾಲು, ಕಾಕಾ" ಅಂದ. ಹನ್ನೊಂದೂ ಒಯ್ದರು. ಹಲಗೆ ಖಾಲಿ ಆದದ್ದು ನೋಡುತ್ತ ನಿಂತವನಿಗೆ ಲಾಳದ ಮಾತು ಬಾಯಿಗೆ ಬರಲಿಲ್ಲ.

ಆಮೇಲೆ ಊಟ ಸೇರಲಿಲ್ಲ. ರವಿವಾರ ಸವದತ್ತಿಯಲ್ಲಿ ಅವರಿಗೂ ಕಿತ್ತೂರಿನವರಿಗೂ ಆಟ ಅಂತ ತಿಳಿಯಿತು. ಮೊದಲ ಬಸ್ಸಿಗೆ ಹತ್ತಿದೆ.

ಕಿತ್ತೂರಿನವರ ಕಾಲಲ್ಲಿ ನಾನು ಹಿಂದೆ ಹೊಲಿದು ಕೊಟ್ಟ ಬೂಟು. ರಾಮದುರ್ಗದವರು ಕೆಸರಲ್ಲಿ ಸಿಕ್ಕವರಂತೆ ಓಡುತ್ತಿದ್ದರು. ಅರ್ಧ ಆಟಕ್ಕೇ ಎರಡು ಗೋಲು ತಿಂದರು. ನಾಯಕ ಕುಂಟುತ್ತ ಬಂದು ನನ್ನ ಹತ್ತಿರ ಕುಂತ.

"ಹೊಸಾವೂ ನಿಮ್ಮ ಹಳೇ ಬೂಟಿನಂಗ ಭಾರ ಅದಾವಲ್ರಿ ಕಾಕಾ."

ಆ ಮಾತು ತಡೆಯಲು ಆಗಲಿಲ್ಲ. "ಬಿಚ್ಚರಿ ಎಲ್ಲಾರೂ" ಅಂದೆ. ಸಾಲಾಗಿ ಕುಂತರು. ಒಂದೊಂದೇ ಅಟ್ಟೆ ಎತ್ತಿ ಇಪ್ಪತ್ತೆರಡು ಲಾಳ ತೆಗೆದು ಗುಂಪು ಹಾಕಿದೆ. ನಾಯಕ ಒಂದು ಲಾಳ ಎತ್ತಿ ನೋಡಿದ.

"ನಾವು ಆಡಾಕ ಬಂದೀವೋ, ಗಾಡಿ ಹೂಡಾಕೋ?"

"ತಪ್ಪು ನಂದು. ಬೂಟಿಂದಲ್ಲ. ಈಗ ಓಡ್ರಿ" ಅಂದೆ.

ಓಡಿದರು. ಆ ಓಟ ಆಕೆ ನೋಡಬೇಕಿತ್ತು. ಮೂರು ಗೋಲು ಹೊಡೆದು ಗೆದ್ದರು.

ಆಟ ಮುಗಿದ ಮೇಲೆ ಕಿತ್ತೂರಿನ ಹನ್ನೊಂದೂ ಮಂದಿ ಬಂದು ನನ್ನ ಮುಂದೆ ಸಾಲಾಗಿ ಕುಂತು ಬೂಟು ಬಿಚ್ಚಿದರು.

"ನಮ್ಮವೂ ತಗೀರಿ ಕಾಕಾ."

"ಇದರಾಗ ಲಾಳ ಇಲ್ಲಪಾ. ನಾ ಹೊಲದದ್ದ ಹಿಂಗ."

ಅವರ ನಾಯಕ ಅಟ್ಟೆ ಕಿತ್ತು ಒಳಗೆ ಕೈ ಆಡಿಸಿದ. ನಂಬಲಿಲ್ಲ. "ಬರೇ ತೊಗಲು ಇಷ್ಟು ಭಾರ ಇರೂದಿಲ್ಲ. ನಿಮಗ ಸಿಗವಲ್ದು. ಮನ್ಯಾಗ ಕಾಕೂಗ ತೋರಸ್ರಿ, ಅವರಿಗೆ ಸಿಗತೈತಿ."

"ಆಕಿಗೆ ಸಿಕ್ಕಿತ್ತಪಾ" ಅಂದೆ.

"ಮತ್ತ ತಗದು ಎಲ್ಲಿಟ್ರಿ?" ಅಂದ.