ಹರುಕು ಕನ್ನಡದ ಭಾಯ್, ಲೇತ್ ಮೆಶಿನ್ ಅಕ್ಕ

ನಮ್ಮ ಸೀರಿಯಲ್ ಸೆಟ್ಟಲ್ಲಿ ಒಂದು ದಿನನೂ ಸುಮ್ನೆ ಮುಗಿಯೋದಿಲ್ಲ ಕಣ್ರೀ. ಒಂಟಿಕೊಪ್ಪಲ್‌ನಲ್ಲಿ ಒಂದು ದೊಡ್ಡ ಹಳೇ ಮನೆ ಹಿಡಿದು ಶೂಟಿಂಗ್ ಮಾಡ್ತಾರೆ, ನಾನು ಅಲ್ಲಿ ಅಸಿಸ್ಟೆಂಟ್ ಡೈರೆಕ್ಟರ್. ಅಂದ್ರೆ ಕುರ್ಚಿ ಎತ್ತೋದ್ರಿಂದ ಹಿಡಿದು ಡೈಲಾಗ್ ಹೇಳ್ಕೊಡೋವರೆಗೂ ಎಲ್ಲ ನಾನೇ. ಹೀರೋ ಹೀರೋಯಿನ್ ಕಥೆ ನೀವು ಟೀವೀಲಿ ನೋಡ್ಕೊಳ್ಳಿ. ನಾನು ಹೇಳೋದು ಅವರ ಅಕ್ಕಪಕ್ಕ ನಿಲ್ಲೋರದ್ದು. ಅದರಲ್ಲೂ ಇಬ್ಬರದ್ದು. ನಾನಂತೂ ಅವರಿಬ್ಬರ ಫ್ಯಾನ್ ಆಗೋಗ್ಬುಟ್ಟಿದ್ದೀನಿ.

೧. ಕನ್ನಡ ಒಡೆಯೋ ಪಾಠ

ನಮ್ಮ ಸೀರಿಯಲ್‌ನಲ್ಲಿ ಹೀರೋಯಿನ್ ಅಪ್ಪನ ಸ್ನೇಹಿತ ಒಬ್ಬ ಗ್ಯಾರೇಜ್ ಭಾಯ್ ಇದ್ದಾನೆ. ಆ ಪಾರ್ಟು ಮಾಡೋರು ಉದಯಗಿರೀಲಿ ಟೈಲರ್. ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕ ಆಡ್ಕೊಂಡು ಬಂದೋರು. ಅವರ ಕನ್ನಡ ಕೇಳ್ಬೇಕು ನೀವು, ಒಂದೊಂದು ಪದಾನೂ ಇಸ್ತ್ರಿ ಮಾಡಿಟ್ಟಂಗೆ ಇರುತ್ತೆ. ಮೊದಲನೇ ದಿನ ಡೈಲಾಗ್ ಹೇಳಿದ್ರು. ಡೈರೆಕ್ಟರ್ ತಲೆ ಅಲ್ಲಾಡಿಸಿ, "ಚೆನ್ನಾಗಿದೆ ಭಾಯ್, ಆದ್ರೆ ಸ್ವಲ್ಪ ಒಡೀರಿ. ನಮ್ದು, ನಿಮ್ದು, ಮಾಡ್ತಾನೆ, ಬರ್ತಾನೆ, ಹಿಂಗೆ" ಅಂದ್ರು. ಇವರಿಗೆ ಒಡೆಯೋಕೇ ಬರ್ಲಿಲ್ಲ. ಕೊನೆಗೆ ಅವರಿಗೆ ತಪ್ಪು ಕನ್ನಡ ಕಲಿಸೋ ಕೆಲಸ ನನ್ನ ಪಾಲಿಗೆ ಬಂತು.

ಪಾಪ, ನೋಟ್‌ಬುಕ್ ತಂದು ಎಲ್ಲ ಬರ್ಕೊಂಡ್ರು. ಎರಡು ದಿನ ಬಿಟ್ಟು ಬಂದಾಗ, "ಪ್ರಾಕ್ಟೀಸ್ ಆಯ್ತಾ ಭಾಯ್?" ಅಂದೆ.

"ಎಲ್ಲಿ ಬಂತಮ್ಮ, ಅಂಗಡೀಲಿ ಕೂತು ಮಾಡ್ತಾ ಇದ್ದೆ. ಬ್ಲೌಸ್ ಇಸ್ಕೊಳ್ಳೋಕೆ ಬಂದ ಹಳೇ ಗಿರಾಕಿ ಒಬ್ಬರು ಕೇಳಿ ಹೆದರ್ಕೊಂಡು, ಭಾಯ್, ಸ್ಟ್ರೋಕ್ ಏನಾದ್ರೂ ಹೊಡೀತಾ, ನಡೀರಿ ಆಸ್ಪತ್ರೆಗೆ ಅಂತ ಆಟೋ ಕರೆದ್ಬುಟ್ರು."

೨. ಕೊಳೆ ಲೆಕ್ಕ

ಇನ್ನೊಬ್ಬರು ಅಕ್ಕ. ಸೀರಿಯಲ್‌ನಲ್ಲಿ ಕೆಲಸದವಳು. ಬಾಗಿಲ ಹಿಂದೆ ನಿಂತು ಕೇಳಿಸ್ಕೋಬೇಕು, ಡಬ್ಬದಿಂದ ಬಿಸ್ಕೆಟ್ ಕದೀಬೇಕು, ಯಾರಾದ್ರೂ ಗದರಿದ್ರೆ ಸೆರಗು ಬಾಯಿಗಿಟ್ಕೊಂಡು ಅಳಬೇಕು, ಅಷ್ಟೇ. ನಿಜದಲ್ಲಿ ಅಕ್ಕ ಕಡಕೊಳದ ಒಂದು ಫ್ಯಾಕ್ಟರೀಲಿ ಲೇತ್ ಮೆಶಿನ್ ಓಡಿಸ್ತಾರೆ. ಕಬ್ಬಿಣಾನ ಮೂಲಂಗಿ ತುರಿದಂಗೆ ತುರೀತಾರಂತೆ. ರಜಾ ಇದ್ದ ದಿನ ಬಂದು ನಮ್ಮಲ್ಲಿ ಅಳ್ತಾರೆ.

ಅವತ್ತು ಭಾಯ್ ಹೀರೋಯಿನ್ ಸ್ಕೂಟರ್ ರಿಪೇರಿ ಮಾಡೋ ಸೀನ್. ಭಾಯ್ ಸ್ಪ್ಯಾನರನ್ನ ಕತ್ತರಿ ಹಿಡಿದಂಗೆ ಹಿಡ್ಕೊಂಡಿದ್ರು. ಅಷ್ಟರಲ್ಲಿ ಸ್ಕೂಟರ್ ನಿಜವಾಗ್ಲೂ ಕೆಟ್ಟೋಯ್ತು. ಇಡೀ ಯೂನಿಟ್ಟು ಭಾಯ್ ಮುಖ ನೋಡ್ತು. "ನನ್ನ ಯಾಕ್ರೀ ನೋಡ್ತೀರಾ, ಸೀಟ್ ಕವರ್ ಹರಿದಿದ್ರೆ ಹೇಳಿ" ಅಂದ್ರು. ಅಕ್ಕ ಕಾಫಿ ತಟ್ಟೆ ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಪ್ಲಗ್ ಬಿಚ್ಚಿ, ಸೆರಗಲ್ಲಿ ಒರೆಸಿ ಹಾಕಿದ್ರು. ಒಂದೇ ಕಿಕ್ಕಿಗೆ ಸ್ಟಾರ್ಟ್.

ಎಲ್ಲ ಚಪ್ಪಾಳೆ ಹೊಡೀತಿದ್ರೆ ಕಾಸ್ಟ್ಯೂಮ್‌ನವರು ತಲೆ ಮೇಲೆ ಕೈ ಹೊತ್ಕೊಂಡ್ರು. "ಅಕ್ಕಾ, ನಿಮ್ಮ ಸೀರೆಗೆ ಅಡಿಗೆಮನೆ ಕೊಳೆ ಬೇಕಿತ್ತು ಕಣಕ್ಕ, ಇದು ಗ್ಯಾರೇಜ್ ಕೊಳೆ." ಅಕ್ಕ ಸೀದಾ ಹೋಗಿ ಎರಡೂ ಕೈನ ಭಾಯ್ ಬಿಳೀ ಶರ್ಟಿಗೆ ಒರೆಸಿ, "ತಗೊಳ್ಳಿ, ಈಗ ಇವರು ಮೆಕ್ಯಾನಿಕ್ ಆದ್ರು" ಅಂದ್ರು.

೩. ಟೀಚರ್ ಮಗಳು

ಒಂದಿನ ಭಾಯ್ ಊಟಕ್ಕೆ ಬರದೆ ಒಬ್ಬರೇ ಕೂತಿದ್ರು. ಏನಾಯ್ತು ಅಂದೆ. ಅವರ ಮಗಳು ಹೈಸ್ಕೂಲಲ್ಲಿ ಕನ್ನಡ ಟೀಚರ್. ಅವಳು ವ್ಯಾಕರಣ ಹೇಳೋಕೆ ಹೊರಟ್ರೆ ಕ್ಲಾಸಲ್ಲಿ ಮಕ್ಕಳು ಕಿಸಕ್ ಅಂತಾರಂತೆ. ಒಬ್ಬನಂತೂ ಎದ್ದು, "ಮಿಸ್, ಮೊದ್ಲು ನಿಮ್ಮಪ್ಪಂಗೆ ಕಲಿಸಿ" ಅಂದ್ನಂತೆ. ಅವಳು ಮನೇಲಿ ಏನೂ ಅಂದಿಲ್ಲ, ಆದ್ರೆ ಸೀರಿಯಲ್ ಬರೋ ಹೊತ್ತಿಗೆ ಎದ್ದು ಒಳಗೆ ಹೋಗ್ಬುಡ್ತಾಳಂತೆ.

ಭಾಯ್ ಡೈರೆಕ್ಟರ್ ಹತ್ರ ಹೋಗಿ, "ಸರ್, ಒಂದೇ ಒಂದು ಸೀನು ಸರಿಯಾಗಿ ಮಾತಾಡ್ತೀನಿ" ಅಂತ ಕೇಳಿದ್ರು.

"ನೀವು ಭಾಯ್ ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ ಭಾಯ್?"

"ಸರ್, ಟೋಪಿ ಇದೆ, ಗಡ್ಡ ಇದೆ, ಕುತ್ತಿಗೇಲಿ ತಾಯತ ಇದೆ, ಕಣ್ಣಿಗೆ ಸುರ್ಮ ಇದೆ. ನಾನು ಬಾಗಿಲು ತೆಗೆದ್ರೆ ಸಾಕು, ಹಿಂದೆ ಕವ್ವಾಲಿ ಮ್ಯೂಸಿಕ್ ಹಾಕ್ತೀರ. ಇಷ್ಟಾದ್ಮೇಲೂ ಗೊತ್ತಾಗ್ದಿದ್ರೆ ಅದು ನೋಡೋರ ಕಣ್ಣಿನ ತೊಂದರೆ ಸರ್."

ಡೈರೆಕ್ಟರ್ ನಕ್ರು. ನಕ್ಕು, ಮುಂದಿನ ಸೀನಿಗೆ ಕವ್ವಾಲಿ ಇನ್ನೂ ಸ್ವಲ್ಪ ಜೋರಾಗಿ ಹಾಕ್ಸಿದ್ರು.

೪. ನನ್ನ ಗಂಟಲು ಕೆಟ್ಟ ದಿನ

ನಮ್ಮ ಹೀರೋಯಿನ್ ಉತ್ತರ ಭಾರತದ ಕಡೆಯೋರು, ಕನ್ನಡ ಅಷ್ಟಕ್ಕಷ್ಟೆ. ನಾನು ಕ್ಯಾಮೆರಾ ಪಕ್ಕ ನಿಂತು ಒಂದೊಂದೇ ಸಾಲು ಹೇಳ್ತೀನಿ, ಅವರು ಕೇಳಿ ಹೇಳ್ತಾರೆ, ಆಮೇಲೆ ಬೇರೆಯೋರು ಡಬ್ಬಿಂಗ್ ಮಾಡ್ತಾರೆ. ಅವತ್ತು ಅತ್ತೆ ಇವರನ್ನ ಮನೆಯಿಂದ ಹೊರಗೆ ಹಾಕೋ ಸೀನ್, ಎರಡು ಪುಟ ಡೈಲಾಗ್. ಸರಿಯಾಗಿ ಅವತ್ತೇ ನನ್ನ ಗಂಟಲು ಕಟ್ಟೋಯ್ತು. ಯೂನಿಟ್ಟಿಗೆಲ್ಲ ಹಬ್ಬ, ಅದು ಬೇರೆ ವಿಷಯ. ಪೇಪರ್ ಭಾಯ್ ಕೈಗೆ ಬಂತು.

"ಈ ಮನೆಗೆ ಬರೋವಾಗ ನನ್ನ ಕೈಲಿ ಏನೂ ಇರ್ಲಿಲ್ಲ ಅಂತೀರಲ್ಲ, ನಂಬಿಕೆ ಇತ್ತು. ಅದನ್ನ ನೀವೇ ಇಸ್ಕೊಂಡ್ರಿ" ಅಂತ ಭಾಯ್ ಶುರು ಮಾಡಿದ್ರು ನೋಡಿ. ಹೀರೋಯಿನ್ ಕಣ್ಣಲ್ಲಿ ನೀರು ತುಂಬ್ಕೊಂಡು ತಿರುಗಿ ಹೇಳೋದೇ ಮರೆತ್ರು. ಲೈಟ್ ಹಿಡಿದೋನು ಲೈಟ್ ಇಳಿಸ್ಬುಟ್ಟ. ಎರಡು ಪುಟಾನೂ ಭಾಯ್ ಒಬ್ಬರೇ ಹೇಳಿ ಮುಗಿಸಿದ್ರು.

ಹೀರೋಯಿನ್ ಕಣ್ಣೊರೆಸ್ಕೊಂಡು, "ಸರ್, ಈ ಡೈಲಾಗ್ ನಂದು ಅಲ್ಲ. ಭಾಯ್ ಮಾತಾಡ್ಲಿ" ಅಂದ್ರು.

"ಮೆಕ್ಯಾನಿಕ್ ಇಷ್ಟು ಚೆನ್ನಾಗಿ ಮಾತಾಡಿದ್ರೆ ಜನ ನಂಬ್ತಾರಾ?" ಅಂತ ಡೈರೆಕ್ಟರ್ ರಾಗ ಎಳೆದ್ರು.

ಅಕ್ಕ ಕಾಫಿ ತಟ್ಟೆ ಹಿಡ್ಕೊಂಡೇ, "ಸರ್, ನನಗೆ ಕಾಫಿ ಮಾಡೋಕೇ ಬರೋದಿಲ್ಲ. ಎರಡು ವರ್ಷದಿಂದ ಜನ ನಂಬ್ತಾ ಇದ್ದಾರಲ್ಲ" ಅಂದ್ರು.

ಡೈರೆಕ್ಟರ್ "ನನ್ನ" ಅಂತ ಇದ್ದಿದ್ದನ್ನ "ನಮ್ಮ ಹುಡುಗಿ" ಅಂತ ತಿದ್ದಿ, ಆ ಡೈಲಾಗ್ ಭಾಯ್‌ಗೇ ಕೊಟ್ರು.

೫. ಡಬ್ಬಿಂಗ್ ಯಾರದು?

ಎಪಿಸೋಡ್ ಬಂದ ದಿನ ಮಗಳು ಎದ್ದು ಒಳಗೆ ಹೋಗ್ಲಿಲ್ವಂತೆ. ಭಾಯ್ ಅವಳ ಪಕ್ಕ ಕೂತು ಟೀವಿ ನೋಡ್ದೆ ಅವಳ ಮುಖಾನೇ ನೋಡಿದ್ರಂತೆ. ಮಾರನೇ ದಿನ ಸ್ಕೂಲಿಂದ ಬಂದೋಳು ನಗ್ಬೇಕೋ ಅಳ್ಬೇಕೋ ಗೊತ್ತಾಗ್ದೆ, "ಅಬ್ಬಾ, ಮಕ್ಕಳು ಬಂದು, ಮಿಸ್, ನಿಮ್ಮಪ್ಪಂಗೆ ಸೂಪರ್ ಡಬ್ಬಿಂಗ್ ಮಾಡ್ಸಿದ್ದಾರೆ, ಯಾರದ್ದು ಆ ವಾಯ್ಸು ಅಂತ ಕೇಳ್ತಾವೆ" ಅಂದ್ಳಂತೆ.

ಭಾಯ್ ತಡೆಯೋರಾ? ಮರುದಿನ ಮಗಳ ಟಿಫಿನ್ ಬಾಕ್ಸ್ ಕೊಡೋ ನೆಪದಲ್ಲಿ ಸ್ಕೂಲಿಗೆ ಹೊರಟ್ರು. ನಾನೂ ಜೊತೆಗೆ ಹೋದೆ, ಬಿಡ್ತೀನಾ. ಕ್ಲಾಸ್ ಮುಂದೆ ನಿಂತು ಎರಡು ಪುಟಾನೂ ಒಂದಕ್ಷರ ಬಿಡದಂಗೆ ಹೇಳಿದ್ರು. ಮಗಳು ಬೋರ್ಡ್ ಕಡೆ ತಿರುಗ್ಕೊಂಡು ಏನೂ ಬರೆದಿಲ್ಲದ ಬೋರ್ಡನ್ನ ಒರೆಸ್ತಾ ನಿಂತಿದ್ಳು.

ಮುಂದಿನ ಬೆಂಚಿನ ಒಂದು ಹುಡುಗಿ ಕೈ ಎತ್ತಿದ್ಳು. "ಸರ್, ಹಂಗಾದ್ರೆ ಇಷ್ಟು ದಿನ ಆ ಹರುಕು ಕನ್ನಡಕ್ಕೆ ಡಬ್ಬಿಂಗ್ ಮಾಡ್ತಿದ್ದಿದ್ದು ಯಾರು?"

ಭಾಯ್ ಟೋಪಿ ಸರಿ ಮಾಡ್ಕೊಂಡು, "ಅದೂ ನಾನೇ ಕಣಮ್ಮ" ಅಂದ್ರು. "ಕಷ್ಟ ಇದ್ದಿದ್ದೇ ಅದು."