ಅತ್ತೆಯ ಚುಕ್ಕಿ, ನನ್ನ ಸ್ಟೈಲು

೧

ಲಿಸ್ಬನ್ನಿನ ಗಲ್ಲಿಗಳಲ್ಲಿ ಒಬ್ಬಳೇ ತಿರುಗಿದವಳು ನಾನು. ದಾರಿ ತಪ್ಪುವುದು ಮಾತ್ರ ಯಾವಾಗಲೂ ಚೆನ್ನೈಯಲ್ಲೇ, ಅದೂ ಅವಸರದ ದಿನವೇ. ಆವತ್ತು ತಿರುವೊಟ್ಟಿಯೂರಿನಲ್ಲಿ ಒಂದೇ ದೇವಸ್ಥಾನದ ಗೋಡೆ ಮೂರನೇ ಸಲ ಎದುರಾದಾಗ, ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳನ್ನು ಕೇಳಿದೆ. ಕನ್ನಡದವರು, ಕಾಲೇಜ್ ಟೀಚರು, ಪಿಎಚ್‌ಡಿ ಮಾಡ್ತಿದ್ದಾರೆ, ಅವರ ಮನೆ ಯಾವುದು ಅಂದೆ. ತಕ್ಷಣ ನೀಲಿ ಗೇಟು ತೋರಿಸಿದಳು. ಕಾಸಿಮೇಡಿನ ಮೀನು ಹರಾಜಿಗೆ ಎರಡು ವರ್ಷ ನೋಟ್‌ಬುಕ್ ಹಿಡಿದು ಬಂದು ಒಂದು ಮೀನೂ ಕೊಳ್ಳದವರು ಊರಲ್ಲಿ ಅವರೊಬ್ಬರೇ ಅಂತೆ.

೨

ದಪ್ಪ ದಪ್ಪ ಪ್ರಬಂಧಗಳ ಪುಟ ಒಪ್ಪ ಮಾಡಿಕೊಡುವುದು ನನ್ನ ಕಸುಬು. ಟೀಚರಮ್ಮ ಆವತ್ತೇ ಸಂಜೆ ಐದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಐದು ವರ್ಷದ ಶ್ರಮ ನೀರುಪಾಲು. ಫೈಲು ತೆರೆದೆ. ಶೀರ್ಷಿಕೆಗಳೆಲ್ಲ ಕೈಯಲ್ಲೇ ದಪ್ಪ ಮಾಡಿದ್ದು, ಸ್ಪೇಸ್ ಒತ್ತಿ ಒತ್ತಿ ನಡುವಿಗೆ ತಂದದ್ದು. ಪರಿವಿಡಿಯಲ್ಲಿ ಅಧ್ಯಾಯದಿಂದ ಪುಟಸಂಖ್ಯೆಯವರೆಗೆ ಸಾಲು ಚುಕ್ಕಿ. ಅದನ್ನು ಒತ್ತಿದ್ದು ಟೀಚರಮ್ಮನ ಅತ್ತೆ, ಧಾರವಾಡದವರು. ಇಂಗ್ಲಿಷ್ ಬಾರದು, ಚುಕ್ಕಿಗೆ ಇಂಗ್ಲಿಷ್ ಬೇಡವಲ್ಲ.

"ಎಣಿಸಿ ಇಟ್ಟೀನಿ ತಂಗಿ. ಒಂದೂ ಅಳಸಬ್ಯಾಡ."

ಎಲ್ಲವನ್ನೂ ಅಳಿಸಿದೆ. ಅವರು ಎದ್ದು ಹೋಗಿ ಮಲಗಿಬಿಟ್ಟರು.

೩

ಪಂಕ್ತಿಯಲ್ಲಿ ಪ್ರತಿ ಎಲೆಗೂ ಉಪ್ಪೆಲ್ಲಿ ಬಡಿಸಬೇಕು ಅಂತ ಹೇಳುತ್ತಾ ಹೋಗುತ್ತೇವೆಯೇ? ಬಡಿಸುವವರಿಗೆ ಒಂದು ಸಲ ಹೇಳಿದರಾಯಿತು. ಕಂಪ್ಯೂಟರಿನಲ್ಲಿ ಸ್ಟೈಲ್ ಅಂದರೂ ಅಷ್ಟೇ. ಶೀರ್ಷಿಕೆಗಳಿಗೆಲ್ಲ ಒಂದೇ ಸ್ಟೈಲ್ ಹಚ್ಚಿದರೆ, ಒಂದು ಕಡೆ ಬದಲಿಸಿದ್ದು ಮುನ್ನೂರು ಪುಟದಲ್ಲೂ ಬದಲಾಗುತ್ತದೆ, ಪರಿವಿಡಿಯೂ ಚುಕ್ಕಿ ಸಮೇತ ತಾನೇ ಹುಟ್ಟುತ್ತದೆ.

ಅಷ್ಟರಲ್ಲಿ ಗೈಡ್ ಫೋನು: ಉಪಶೀರ್ಷಿಕೆ ಓರೆಯಾಗಲಿ. ಆಯಿತು. ಬೇಡ, ನೇರವೇ ಇರಲಿ. ಆಯಿತು. ಸ್ವಲ್ಪ ಚಿಕ್ಕದಾಗಲಿ. ಅದೂ ಆಯಿತು. ಇಷ್ಟು ಬೇಗ ಮಾಡೋಕೆ ಅಲ್ಲಿ ಎಷ್ಟು ಜನ ಕೂತಿದ್ದೀರಿ ಅಂತ ಕೇಳಿದರು ಗೈಡ್. ಬೆಳಿಗ್ಗೆಯಿಂದ ಗಡಿಯಾರವನ್ನೇ ನೋಡುತ್ತಿದ್ದ ಟೀಚರಮ್ಮ ತಣ್ಣಗೆ, "ಇಬ್ರೇ ಸರ್, ಅತ್ತೆ ಮಲಗಿದ್ದಾರೆ," ಅಂದರು.

ನನ್ನ ಹೆಮ್ಮೆಗೆ ಆ ಕೋಣೆ ಸಾಲಲಿಲ್ಲ.

೪

ಮೂರೂವರೆಗೆ ಮುಗಿಯಿತು ಅಂದೆ. ಮುಗಿಯಿತು ಅಂದ ಮೇಲೆ ತಪ್ಪು ತೋರಿಸಿದವರು ಏನು ಕೇಳಿದರೂ ಕೊಡಬೇಕು, ಇದು ನಾನೇ ಹಾಕಿಕೊಂಡ ಕಟ್ಟಳೆ. ಇಷ್ಟು ವರ್ಷದಲ್ಲಿ ಕೊಟ್ಟಿದ್ದೇ ಇಲ್ಲ ಅಂತಲೂ ಕೊಚ್ಚಿಕೊಂಡೆ.

ಎದ್ದು ಬಂದ ಅತ್ತೆ ಪರಿವಿಡಿಯ ಮೇಲೆ ಬೆರಳಾಡಿಸಿದರು. "ನಾ ಏಳು ಸಾಲು ಚುಕ್ಕಿ ಇಟ್ಟಿದ್ದೆ. ಇಲ್ಲಿ ಆರಽ ಅದಾವ."

ಬಗ್ಗಿ ಎಣಿಸಿದೆ. ನಾಲ್ಕನೇ ಅಧ್ಯಾಯವೇ ಇಲ್ಲ! ಕೈಯಲ್ಲಿ ದಪ್ಪ ಮಾಡಿದ ಅದರ ಶೀರ್ಷಿಕೆ ಉಳಿದವುಗಳಂತೆಯೇ ಕಂಡಿತ್ತು. ಸ್ಟೈಲ್ ಹಚ್ಚಲು ನಾನು ಮರೆತಿದ್ದೆ. ಹಚ್ಚಿದೆ. ಪ್ರಿಂಟಾಗಿ, ಬೈಂಡಾಗಿ, ಐದಕ್ಕೆ ಹತ್ತು ನಿಮಿಷ ಇರುವಾಗ ಪ್ರಬಂಧ ವಿಶ್ವವಿದ್ಯಾಲಯದ ಮೇಜು ಸೇರಿತು.

ಏನು ಬೇಕು ಅಂತ ಅತ್ತೆಯನ್ನು ಕೇಳಿದ್ದಕ್ಕೆ, ಆ ಕಳಕೊಂಡ ಅಧ್ಯಾಯದಲ್ಲಿ ಸೊಸೆ ಏನು ಬರೆದಿದ್ದಾಳೋ ಅದನ್ನು ಕನ್ನಡದಲ್ಲಿ ಹೇಳಬೇಕು ಅಂದರು. ಮರುದಿನ ಬೆಳಿಗ್ಗೆ ಹೋಗಿ ಋಣ ತೀರಿಸಲು ಕೂತೆ. ಅಧ್ಯಾಯ ಪೂರ್ತಿ ಮೀನಿನ ಹರಾಜು. ಅದೋ ನಿತ್ಯ ಲಿಂಗಪೂಜೆಯ ಮನೆ, ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ತಡವರಿಸುತ್ತಾ ಶುರು ಮಾಡಿದೆ. ಬುಟ್ಟಿ ಇಳಿಯಿತು, ಬೆಲೆ ಕೂಗುವವನು ಬಂದ, ದೊಡ್ಡದೊಂದು ವಂಜರ ಮೀನು ಎತ್ತಿ ಹಿಡಿದ...

ಅತ್ತೆ ಕೈ ಅಡ್ಡ ಹಿಡಿದರು. ಎದ್ದು ಹೋಗಿ ದೇವರ ಮನೆಯ ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿ ಬಂದು, ನನ್ನ ಪಕ್ಕಕ್ಕೇ ಜರುಗಿ ಕೂತರು.

"ಹೂಂ, ಈಗ ಹೇಳು. ಎಷ್ಟಕ್ಕ ಹೋತು?"