ನಾಲ್ಕು ಹಲ್ಲಿನ ಮುದ್ದೆದ್ರೋಹಿ

ನನ್ನ ಮೊಮ್ಮಗಳಿಗೆ ನಾಲ್ಕು ಹಲ್ಲು ಬಂದಿದ್ದವು. ಮೇಲೆ ಎರಡು, ಕೆಳಗೆ ಎರಡು. ಲೋಕದಲ್ಲಿ ಬೇರೆ ಮಕ್ಕಳಿಗೂ ಹಲ್ಲು ಬರುತ್ತವೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವು ಬರೀ ಹಲ್ಲು. ನಮ್ಮ ಚಿನ್ನಿಯವು ಹಾಗಲ್ಲ. ಅವಳು ನಕ್ಕರೆ ಬೈರಾಪಟ್ಟಣದಲ್ಲಿ ಕರೆಂಟು ಹೋದದ್ದೇ ನನಗೆ ಗೊತ್ತಾಗುವುದಿಲ್ಲ! ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಆ ನಾಲ್ಕು ಹಲ್ಲುಗಳ ಮೇಲೆ ಒಂದು ಸೇನೆ ಯುದ್ಧ ಸಾರಿತ್ತು. ಆ ಸೇನೆಗೆ ಒಬ್ಬ ಕಮಾಂಡರ್ ಇದ್ದ. ಆ ಕಮಾಂಡರ್ ನಾನೇ.

ನನ್ನ ಹೆಸರು ಜಯಮ್ಮ. ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಕಡೇ ಆರು ತಿಂಗಳು ಎಮ್ಮೆ ಕಾಯ್ದದ್ದೇ ಹೆಚ್ಚು. ಆದರೆ ರಾಗಿಮುದ್ದೆ ತಿರುವುವುದರಲ್ಲಿ ನನ್ನನ್ನು ಯಾರೂ ಅಲ್ಲಾಡಿಸುವ ಹಾಗಿರಲಿಲ್ಲ. ನನ್ನ ಮುದ್ದೆಯಲ್ಲಿ ಒಂದು ಹಿಟ್ಟಿನ ಗಂಟು ತೋರಿಸಿದವರಿಗೆ ತೆಂಗಿನ ತೋಟ ಬರೆದುಕೊಡುತ್ತೇನೆ ಎಂದು ಹೇಳುವಷ್ಟು ಧೈರ್ಯ ನನಗಿತ್ತು. ತೋಟ ಯಜಮಾನರ ಹೆಸರಿನಲ್ಲಿತ್ತು, ಹಾಗಾಗಿ ಧೈರ್ಯ ಇನ್ನೂ ಒಂದು ಕೈ ಜಾಸ್ತಿಯೇ ಇತ್ತು.

ನಮ್ಮ ಯಜಮಾನರ ಹೆಸರು ಪುಟ್ಟಸ್ವಾಮಿ. ಅವರು ಇನ್ನೂ ಬಟನ್ ಒತ್ತುವ ಹಳೇ ಫೋನಿನವರು. ಮೊಮ್ಮಗಳನ್ನು ನೋಡಲೆಂದು ನನಗೊಂದು ಉಜ್ಜುವ ಫೋನು ಬಂತು. ಸಿಮ್ಮು ಮಾತ್ರ ಅವರ ಹೆಸರಿನದು. ಅದರಲ್ಲಿ ನನ್ನ ಫೋಟೋ ಇರಬೇಕಾದ ಕಡೆ ಒಂದು ಹುಲಿಯ ಚಿತ್ರ ಬಂದು ಕೂತಿತ್ತು. ಹೇಗೆ ಬಂತೋ ಗೊತ್ತಿಲ್ಲ. ತೆಗೆಯುವುದು ಹೇಗೆಂದೂ ಗೊತ್ತಿರಲಿಲ್ಲ. ಇರಲಿ, ಹುಲಿ ತಾನೇ ಎಂದು ಬಿಟ್ಟೆ.

ಒಂದು ದಿನ ಯಾರೋ ನನ್ನನ್ನು ಒಂದು ಗುಂಪಿಗೆ ಸೇರಿಸಿದರು. ಹೆಸರು, ‘ಮುದ್ದೆ ನುಂಗುವವರ ಸೇನೆ’. ಘೋಷಣೆ, ‘ನುಂಗು, ಇಲ್ಲವೇ ತೊಲಗು!’ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕು, ಜಗಿಯಬಾರದು ಎನ್ನುವುದು ನಮ್ಮ ಸೀಮೆಯ ಎಮ್ಮೆಗೂ ಗೊತ್ತು. ಆದರೆ ಜಗಿಯುವವರೆಲ್ಲ ಸೇರಿ ನಮ್ಮನ್ನು ಮುಗಿಸಲು ಹೊಂಚು ಹಾಕುತ್ತಿದ್ದಾರೆ ಎಂದು ನನಗೆ ತಿಳಿದದ್ದು ಅಲ್ಲಿಯೇ! ಒಬ್ಬ ಮುದ್ದೆಗೆ ಚಮಚ ಹಾಕಿದನಂತೆ. ಅವನಿಗೆ ಬಹಿಷ್ಕಾರ. ಇನ್ನೊಬ್ಬ ಅವನನ್ನು ಬೈಯುವಾಗ ಸಾಕಷ್ಟು ಕೆಟ್ಟ ಮಾತು ಬಳಸಲಿಲ್ಲವಂತೆ. ಅವನಿಗೂ ಬಹಿಷ್ಕಾರ. ಬೆಳಿಗ್ಗೆ ಉಪ್ಪಿಟ್ಟು ತಿಂದದ್ದನ್ನು ಒಬ್ಬ ತಾನಾಗಿಯೇ ಒಪ್ಪಿಕೊಂಡ, ಪಾಪ. ಅವನ ಗತಿ ಏನಾಯಿತೋ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಾನು ಹೆಚ್ಚೇನೂ ಮಾಡಲಿಲ್ಲ. ಬಂದದ್ದನ್ನೆಲ್ಲ ನೋಡದೆ ಮುಂದಕ್ಕೆ ಕಳಿಸಿದೆ. ಅಷ್ಟಕ್ಕೇ ನನ್ನನ್ನು ಕಮಾಂಡರ್ ಮಾಡಿಬಿಟ್ಟರು! ‘ಪುಟ್ಟಸ್ವಾಮಣ್ಣ, ಅಪ್ಪಣೆ ಕೊಡಿ’ ಎಂದು ಬರೆಯುವರು. ನಾನು ಗಂಡಸೆಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಅಪ್ಪಣೆ ಕೇಳಿದವರು ಈ ಮನೆಯಲ್ಲಿ ಒಬ್ಬರಿದ್ದರೆ ಹೇಳಿ!

ಗುಂಪು ಕಟ್ಟಿದವನ ಹೆಸರು ‘ಮುದ್ದೆ ಸಿಡಿಲು’. ಅವನ ಬಳಿ ಒಂದು ಎಐ ಆಪ್ ಇತ್ತು, ಹೆಸರು ‘ಮೂರನೇ ಕಣ್ಣು’. ಅದು ಸುಳ್ಳು ಯಾವುದು, ನಿಜ ಯಾವುದು ಎಂದು ಹೇಳಿಬಿಡುತ್ತಂತೆ. ‘ಇನ್ನು ಆರು ತಿಂಗಳು ತಡೀರಿ ಅಣ್ಣ, ಡಾಕ್ಟ್ರು, ಮೇಷ್ಟ್ರು, ಲಾಯ್ರು ಯಾರೂ ಬ್ಯಾಡ, ಎಲ್ಲಾ ಇದೇ’ ಎಂದು ಬರೆದ. ನಾನು ಕೇಳಿದೆ, ‘ಎಮ್ಮೆ ಹಾಲು ಕರೀತದಾ?’

‘ಅಪ್‌ಡೇಟಲ್ಲಿ ಬತ್ತದೆ ಅಣ್ಣ’ ಎಂದ.

ನಾನು ಹೀಗೆ ನಾಡು ಕಾಯುತ್ತಿದ್ದರೆ ಯಜಮಾನರದು ಒಂದೇ ರಾಗ.

“ಏ ಇವಳೇ, ಮುದ್ದೇಲಿ ಗಂಟು ಸಿಕ್ತಲ್ಲೇ.”

“ಮುದ್ದೆಗೇ ಕುತ್ತು ಬಂದೈತೆ ಅಂತ ನಾನು ಒದ್ದಾಡ್ತಾವ್ನಿ, ನಿಮ್ಗೆ ಗಂಟಿನ್ ಚಿಂತೆ!” ಎಂದು ಗದರಿದೆ. ಅವರು ಅದನ್ನು ಜಗಿದು ನುಂಗಿದರು.

ಈಗ ಮಗಳ ವಿಷಯ. ರೂಪ ಮಾಗಡಿಯಲ್ಲಿ ನರ್ಸು. ಅವಳಿಗೆ ಒಂದು ತಿಂಗಳ ಟ್ರೈನಿಂಗು ಬಂದಿತ್ತು. ಆ ತಿಂಗಳು ಪೂರ್ತಿ ಚಿನ್ನಿಯನ್ನು ನನ್ನ ಬಳಿ ಬಿಡುತ್ತೇನೆ ಎಂದಿದ್ದಳು. ಒಂದು ತಿಂಗಳು! ನನ್ನ ಕಾಲು ನೆಲದ ಮೇಲಿರಲಿಲ್ಲ. ಚನ್ನಪಟ್ಟಣದಿಂದ ಮರದ ಗಿಲಕಿ ತಂದೆ, ತಳ್ಳುಗಾಡಿ ತಂದೆ, ತೊಟ್ಟಿಲು ತೊಳೆದು ಒಣಗಿಸಿದೆ. ಒಂದು ದಿನದ ಮಟ್ಟಿಗೆ ಮಗುವಿನ ಜೊತೆ ಬಂದವಳು ಒಂದೇ ಷರತ್ತು ಹಾಕಿದಳು.

“ಅವ್ವ, ಮಗಿನ ಫೋಟೋ, ವಿಡಿಯೋ ಯಾರ್ಗೂ ಕಳಿಸ್ಕೂಡ್ದು. ಕಳಿಸ್ದೆ ಅಂತ ಗೊತ್ತಾಯ್ತೋ, ಮಗಿನ ನಿನ್ತಾವ ಬುಡಾಕಿಲ್ಲ. ಅತ್ತೆ ಮನೇಲೇ ಬುಡ್ತೀನಿ.”

“ನಾನ್ಯಾಕವ್ವ ಕಳಿಸಾನೆ!” ಎಂದೆ. ಆಗ ನಿಜವಾಗಿಯೂ ಕಳಿಸುವ ಯೋಚನೆ ಇರಲಿಲ್ಲ. ಆದರೆ ಅದೇ ದಿನ ಚಿನ್ನಿ ನನ್ನ ತೊಡೆಯ ಮೇಲೆ ಕೂತು ಮೊದಲ ಸಲ ಮುದ್ದೆ ತಿಂದಳು. ಸಾರಿನಲ್ಲಿ ಅದ್ದಿ ಕಾಳಿನಷ್ಟು ಬಾಯಿಗಿಟ್ಟೆ. ಕಣ್ಣರಳಿಸಿ, ಮೂಗು ಸುಕ್ಕಿಸಿ, ಆ ನಾಲ್ಕು ಹಲ್ಲಿನಲ್ಲಿ ಮಚ್ ಮಚ್ ಎಂದು ಜಗಿದಳು ನೋಡಿ! ಯಜಮಾನರು ನನ್ನ ಫೋನು ಹಿಡಿದು ವಿಡಿಯೋ ತೆಗೆದರು. ಇಂಥದ್ದನ್ನು ಒಬ್ಬಳೇ ನೋಡಿಕೊಂಡು ಕೂರುವುದಕ್ಕೆ ನಾನೇನು ಕಲ್ಲೇ? ಚನ್ನಪಟ್ಟಣದ ನನ್ನ ತಂಗಿ ಸಾವಿತ್ರಿಗೆ ಒಬ್ಬಳಿಗೇ ಕಳಿಸಿದೆ. ‘ಯಾರಿಗೂ ತೋರಿಸಬೇಡ’ ಎಂದೂ ಹೇಳಿದೆ. ಅವಳು ನನ್ನ ತಂಗಿ. ನನ್ನ ಹಾಗೆಯೇ ಮಾತು ಉಳಿಸಿಕೊಂಡಳು.

ಎರಡು ವಾರದ ಮೇಲೆ ಸೇನೆಯಲ್ಲಿ ಒಂದು ವಿಡಿಯೋ ಬಂತು. ಮೇಲೆ ಕೆಂಪಕ್ಷರ, ಹಿಂದೆ ಡಮಡಮ ಸಂಗೀತ. ‘ಎಳೇ ಮಕ್ಕಳಿಗೆ ಮುದ್ದೆ ಜಗಿಯಲು ತರಬೇತಿ! ಭಯಂಕರ ಷಡ್ಯಂತ್ರ! ಇದರ ಹಿಂದೆ ಯಾರಿದ್ದಾರೆ?’ ನಾನು ಒಲೆಯ ಮುಂದಿದ್ದೆ. ಒಂದು ಕೈಯಲ್ಲಿ ಮುದ್ದೆಕೋಲು, ಇನ್ನೊಂದರಲ್ಲಿ ಫೋನು. ವಿಡಿಯೋ ತೆರೆದು ನೋಡುವಷ್ಟು ಪುರುಸೊತ್ತು ಕಮಾಂಡರಿಗೆ ಎಲ್ಲಿರುತ್ತದೆ? ಫೋನಿಗೆ ಬಾಯಿಟ್ಟು ಹೇಳಿದೆ, ಅದು ಬರೆದುಕೊಂಡಿತು. ‘ಬಿಡಬೇಡಿ! ಆ ಮಗುವಿನ ಅಜ್ಜಿ ಯಾರು? ನಾಚಿಕೆಗೆಟ್ಟವಳು! ಎಲ್ಲಿದ್ದರೂ ಪತ್ತೆ ಹಚ್ಚಿ!’

ಚಪ್ಪಾಳೆಯ ಮೇಲೆ ಚಪ್ಪಾಳೆ ಬಿತ್ತು. ಕತ್ತಿಯ ಚಿತ್ರಗಳು ಬಂದವು. ಸಂಜೆ ಹೊತ್ತಿಗೆ ಇಡೀ ಸೇನೆ ಆ ಅಜ್ಜಿಯನ್ನು ಹುಡುಕುತ್ತಿತ್ತು.

ಊಟಕ್ಕೆ ಕೂತಾಗ ಯಜಮಾನರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಮಗುವಿನ ಮುಖಕ್ಕೆ ಕೆಂಪು ಸುತ್ತು ಹಾಕಿ, ಹಲ್ಲಿಗೆ ಬಾಣ ಬಿಟ್ಟಿದ್ದರು.

“ಈ ಹಸಿರು ಬಳೆ ನಿಂದಲ್ವೇನೆ?” ಎಂದರು. “ಹಿಂದುಗಡೆ ನಿಂತಿರದು ನಮ್ ಗೌರಿ ಅಲ್ವಾ?”

ಗೌರಿ ನಮ್ಮ ಎಮ್ಮೆ. ಬಳೆ ನನ್ನದು. ಹಲ್ಲು... ಅಯ್ಯೋ, ಆ ಹಲ್ಲು ನನಗೆ ಗೊತ್ತಿಲ್ಲವೇ!

“ರೂಪಂಗೆ ಗೊತ್ತಾದ್ರೆ ಮಗ ಬರಾಕಿಲ್ಲ ಕಣ್ರೀ!” ಎಂದು ತಲೆಯ ಮೇಲೆ ಕೈಹೊತ್ತು ಕೂತೆ.

“ಕಮಾಂಡರ್ ಅಲ್ವಾ ನೀನು? ನಿಲ್ಸು ಅಂತ ಅಪ್ಪಣೆ ಕೊಡು” ಎಂದರು.

ಹೌದಲ್ಲ! ಕೂಡಲೇ ಬರೆಸಿದೆ. ‘ಇದು ನಮ್ಮ ಮನೆ ಮಗು. ಒಳ್ಳೆಯ ಮಗು. ಹುಡುಕಾಟ ನಿಲ್ಲಿಸಿ.’ ಸಿಡಿಲು ಬರೆದ, ‘ಕಮಾಂಡರ್ ಹೀಗೆಲ್ಲ ಮಾತಾಡೋರಲ್ಲ. ಮೂರನೇ ಕಣ್ಣನ್ನೇ ಕೇಳೋಣ.’ ಆಪ್‌ಗೆ ವಿಡಿಯೋ ತಿನ್ನಿಸಿದ. ಅದು ಚಿಟಿಕೆ ಹೊಡೆಯುವಷ್ಟರಲ್ಲಿ ತೀರ್ಪು ಕೊಟ್ಟಿತು. ‘ಈ ಮಗು ಅಸ್ತಿತ್ವದಲ್ಲಿಲ್ಲ. ಇದು ಯಂತ್ರ ರಚಿಸಿದ ಚಿತ್ರ. ತಟ್ಟೆಯಲ್ಲಿರುವುದು ಚಾಕೊಲೇಟ್ ಐಸ್‌ಕ್ರೀಂ. ಹಿಂದೆ ನಿಂತಿರುವುದು ಘೇಂಡಾಮೃಗ.’

ಐಸ್‌ಕ್ರೀಂ ಅಂದದ್ದನ್ನು ಸಹಿಸಿದೆ. ಗೌರಿಯ ಪರವಾಗಿ ಘೇಂಡಾಮೃಗವನ್ನೂ ಸಹಿಸಿದೆ. ನನ್ನ ಮೊಮ್ಮಗಳೇ ಇಲ್ಲವೆಂದರೆ? ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಅವಳ ಮೊದಲ ಅಳು ಕೇಳಿದ ನನಗೆ! ಈ ಸಲ ಬರೆಸುವುದು ಬೇಡವೆಂದು ನೇರವಾಗಿ ಗಂಟಲು ಬಿಚ್ಚಿ ಮಾತನ್ನೇ ಕಳಿಸಿದೆ.

“ಲೋ ಸಿಡ್ಲು! ನಾನು ಜಯಮ್ಮ ಕಣ್ಲಾ! ಪುಟ್ಟಸ್ವಾಮಿ ನಮ್ ಯಜಮಾನ್ರು! ನನ್ ಮೊಮ್ಮಗಳು ಐತೆ! ನಾಕು ಹಲ್ಲೂ ಐತೆ! ಇಲ್ಲ ಅಂದವನ ನಾಲಿಗೆ ಸೇದೋಗ!”

ಅದನ್ನೂ ಆಪ್‌ಗೆ ಕೇಳಿಸಿದರು. ‘ಈ ಧ್ವನಿ ಮನುಷ್ಯರದ್ದಲ್ಲ’ ಎಂದಿತು.

“ಅದೊಂದ್ ಮಾತ ಒಸಿ ಸರಿಯಾಗೇ ಹೇಳೈತೆ” ಎಂದರು ಯಜಮಾನರು.

ಅಲ್ಲಿಗೆ ಸೇನೆಗೆ ಎಲ್ಲ ಅರ್ಥವಾಗಿಹೋಯಿತು. ಜಗಿಯುವವರು ಪುಟ್ಟಸ್ವಾಮಣ್ಣನನ್ನು ಹಿಡಿದಿಟ್ಟು, ಅವರ ಫೋನು ಕಿತ್ತುಕೊಂಡು, ಯಂತ್ರದ ಹೆಂಗಸಿನಿಂದ ಮಾತನಾಡಿಸುತ್ತಿದ್ದಾರೆ! ನನ್ನನ್ನು ನನ್ನದೇ ಸೇನೆಯಿಂದ ಹೊರಗೆ ಹಾಕುವ ಮುಂಚೆ ಕಡೆಯದಾಗಿ ಕಂಡದ್ದು ಇಷ್ಟು. ‘ಭಾನುವಾರ ಬೈರಾಪಟ್ಟಣ ಚಲೋ! ಸಾವಿರ ಗಾಡಿ! ಕಮಾಂಡರ್ ಬಿಡುಗಡೆ!’ ಊರಿನ ಹೆಸರನ್ನು ನಾನೇ ಯಾವಾಗಲೋ ಜಂಬಕ್ಕೆ ಹೇಳಿದ್ದೆ.

ಭಾನುವಾರವೇ ರೂಪ ಮಗುವನ್ನು ಕರೆತರುವವಳಿದ್ದಳು.

ಆ ದಿನ ಬೆಳಗಿನಿಂದ ನಾನು ರಸ್ತೆ ನೋಡುತ್ತಲೇ ಒಲೆಗೆ ಎಸರಿಟ್ಟೆ, ರಸ್ತೆ ನೋಡುತ್ತಲೇ ಹಿಟ್ಟು ಹಾಕಿದೆ, ರಸ್ತೆ ನೋಡುತ್ತಲೇ ತಿರುವಿದೆ. ಮಧ್ಯಾಹ್ನದ ಹೊತ್ತಿಗೆ ಸೇನೆ ಬಂತು. ಒಂದು ಸ್ಕೂಟರಿನಲ್ಲಿ. ಒಬ್ಬನೇ. ಕನಕಪುರದಾಚೆ ಕೋಡಿಹಳ್ಳಿಯಿಂದ ಬಿಸಿಲಲ್ಲಿ ಬಂದು ಮುಖ ಕಪ್ಪಿಟ್ಟಿತ್ತು. ಹೆಲ್ಮೆಟ್ ತೆಗೆದು ಮೊದಲು ಕೇಳಿದ್ದು, “ಅಮ್ಮ, ಒಸಿ ನೀರು ಕೊಡ್ತೀರಾ?”

ಇವನೇ ಮುದ್ದೆ ಸಿಡಿಲು! ನಿಜವಾದ ಹೆಸರು ಶಿವಲಿಂಗ, ಕೋಳಿ ಆಹಾರದ ಅಂಗಡಿಯವನು.

“ಮಿಕ್ಕೋರು?” ಎಂದೆ.

“ಒಬ್ಬಂಗೆ ಗೃಹಪ್ರವೇಶವಂತೆ. ಒಬ್ಬಂಗೆ ಅವರವ್ವ ಬ್ಯಾಡ ಅಂದ್ರಂತೆ. ಉಳ್ದೋರು ಮನೇಲಿದ್ದೇ ಬೆಂಬಲ ಕೊಡ್ತಾವ್ರೆ.” ನೀರು ಕುಡಿದು ಧ್ವನಿ ತಗ್ಗಿಸಿದ. “ಪುಟ್ಟಸ್ವಾಮಣ್ಣನ್ನ ಎಲ್ ಕೂಡಾಕಿದ್ದೀರಿ?”

ಯಜಮಾನರು ಕೊಟ್ಟಿಗೆಯಿಂದ ಹೊರಗೆ ಬಂದರು. “ನಾನೇ ಕಣಪ್ಪ ಪುಟ್ಟಸ್ವಾಮಿ. ಏನಾಗ್ಬೇಕಿತ್ತು?”

ಶಿವಲಿಂಗ ಸಗಣಿಯನ್ನೂ ಲೆಕ್ಕಿಸದೆ ಅವರ ಕಾಲಿಗೆ ಬಿದ್ದ. “ಕಮಾಂಡರ್ ಅಣ್ಣ! ನಿಮ್ಮನ್ನ ಇಲ್ಲಿಂದ ಬುಡಿಸ್ಕೊಂಡು ಹೋಗಾಕೆ ಬಂದಿವ್ನಿ!”

ಯಜಮಾನರು ನನ್ನ ಕಡೆ ನೋಡಿದರು. ಸ್ಕೂಟರಿನ ಕಡೆ ನೋಡಿದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಯೋಚನೆ ಮಾಡಿದರು!

ಅಷ್ಟರಲ್ಲಿ ಆಟೋ ಬಂದು ನಿಂತಿತು. ರೂಪ ಇಳಿದಳು, ಕಂಕುಳಲ್ಲಿ ಚಿನ್ನಿ. ನನ್ನನ್ನು ಕಂಡದ್ದೇ ಆ ಕೂಸು ಎರಡೂ ಕೈ ಚಾಚಿತು. ಓಡಿಹೋಗಿ ಎತ್ತಿಕೊಂಡೆ.

“ಯಾರವ್ವ ಇವ್ರು?” ಎಂದಳು ರೂಪ.

“ಕೋಳಿ ಫೀಡಿನವ್ರು” ಎಂದೆ. ಅದು ಸುಳ್ಳಲ್ಲ.

ಶಿವಲಿಂಗ ಮಾತ್ರ ದೆವ್ವ ಕಂಡವನ ಹಾಗೆ ಚಿನ್ನಿಯನ್ನು ನೋಡುತ್ತ ನಿಂತಿದ್ದ. ಮೆಲ್ಲಗೆ ಫೋನು ತೆಗೆದು, ಮೂರನೇ ಕಣ್ಣನ್ನು ಬಿಡಿಸಿ, ಅವಳ ಮುಖಕ್ಕೆ ಹಿಡಿದ. ಚಿನ್ನಿ ಬಗ್ಗಿ ಫೋನನ್ನು ಕಿತ್ತುಕೊಂಡು ಬಾಯಿಗಿಟ್ಟು ಕಚ್ಚಿದಳು. ಇಲ್ಲದ ಮಗು ಇಲ್ಲದ ನಾಲ್ಕು ಹಲ್ಲುಗಳನ್ನು ಮೂರನೇ ಕಣ್ಣಿಗೇ ಊರಿತು!

“ಅಮ್ಮ... ಈ ಮಗ ನಿಜವಾಗ್ಲೂ ಐತಲ್ಲಮ್ಮ!” ಎಂದ ಶಿವಲಿಂಗ.

“ಐತಲ್ಲ ಅಂದ್ರೆ ಏನ್ರೀ ಅರ್ಥ?” ಎಂದಳು ರೂಪ.

ಮುಗಿಯಿತು. ಎಲ್ಲ ಹೊರಗೆ ಬಂತು. ವಿಡಿಯೋ, ಬಾಣ, ಘೇಂಡಾಮೃಗ, ಎಲ್ಲ. ‘ನಾಚಿಕೆಗೆಟ್ಟ ಅಜ್ಜಿಯನ್ನು ಪತ್ತೆ ಹಚ್ಚಿ’ ಎನ್ನುವ ಅಪ್ಪಣೆಯನ್ನೂ ಶಿವಲಿಂಗ ಗಟ್ಟಿಯಾಗಿ ಓದಿದ. “ಇದು ಅಣ್ಣೋರ ಅಪ್ಪಣೆ” ಎಂದು ಯಜಮಾನರಿಗೆ ಕೈಮುಗಿದ.

“ಮಗಿನ ವಿಡಿಯೋ ತೆಗ್ಯದು ಬುಟ್ರೆ ಆ ಫೋನ ಮುಟ್ಟಾಕೂ ನನ್ನ ಬುಡಾಕಿಲ್ಲ ಕಣಪ್ಪ ಇವಳು” ಎಂದರು ಯಜಮಾನರು.

ಎಲ್ಲರೂ ನನ್ನ ಕಡೆ ತಿರುಗಿದರು. ಗೌರಿ ಕೂಡ.

“ಮೊದ್ಲು ಎಲ್ರೂ ಉಣ್ರವ್ವ” ಎಂದೆ.

ಎಲೆ ಹಾಕಿ, ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದೆ. ಶಿವಲಿಂಗ ಮುದ್ದೆ ಮುರಿದು, ಅದ್ದಿ, ಸೇನಾಧಿಪತಿಯ ಗತ್ತಿನಲ್ಲಿ ತಲೆ ಹಿಂದಕ್ಕೆ ಹಾಕಿ ನುಂಗಲು ಹೋದ. ಗಂಟಲಿನ ಹತ್ತಿರ ಏನೋ ತಡೆಯಿತು. ಕಣ್ಣು ಮೇಲೆ ಸಿಕ್ಕಿತು. ತುತ್ತು ವಾಪಸು ಬಾಯಿಗೆ ಬಂತು. ಅತ್ತ ಇತ್ತ ನೋಡಿದ. ಆಮೇಲೆ, ಬೇರೆ ದಾರಿಯಿಲ್ಲದೆ, ಮೆಲ್ಲಗೆ... ಜಗಿದ!

“ಜಗೀಬ್ಯಾಡ ಕಣ್ಲಾ ಮಗ, ಸೇನೆಯಿಂದ ತೆಗ್ದುಬುಟ್ಟಾರು” ಎಂದರು ಯಜಮಾನರು.

“ಗಂಟೈತೆ ಅಣ್ಣ...” ಎಂದ ಅವನು ಕಣ್ಣಲ್ಲಿ ನೀರು ತುಂಬಿಕೊಂಡು.

“ಇವಳು ಸೇನೆ ಸೇರ್ದಾಗ್ನಿಂದ ಈ ಮನೇಲಿ ಗಂಟಿಲ್ದಿರೋ ಮುದ್ದೆ ಉಂಡಿಲ್ಲ ನಾನು. ಆ ಮಗ ಯಾಕ್ ಜಗೀತು ಅಂದ್ಕಂಡಿದ್ದೀಯ? ಅವತ್ತೂ ಗಂಟೇ.”

ಷಡ್ಯಂತ್ರದ ಹಿಂದೆ ಯಾರಿದ್ದಾರೆಂದು ಕಡೆಗೂ ಪತ್ತೆಯಾಯಿತು. ತೋಟ ಬರೆದುಕೊಡಿ ಎಂದು ಯಾರೂ ಕೇಳಲಿಲ್ಲ, ಅಷ್ಟು ದೊಡ್ಡ ಮನಸ್ಸಿನವರು.

ರೂಪ ಊಟ ಮುಗಿಸಿ, ಕೈತೊಳೆದು, ನನ್ನ ಮುಂದೆ ಬಂದು ನಿಂತಳು. ಚಿನ್ನಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ಮಗುವಿಗೆ ಕೈ ಚಾಚಲಿಲ್ಲ. ಬರೀ ಅಂಗೈ ಚಾಚಿದಳು.

“ಫೋನ್ ಕೊಡವ್ವ.”

ಮಗು ಉಳಿಯಿತು. ಹುಲಿ ಮಾಗಡಿಗೆ ಹೋಯಿತು.

ಈಗ ನಮ್ಮ ಮನೆಯ ಮುದ್ದೆ ಬೆಣ್ಣೆಯಂತಿದೆ. ಯಜಮಾನರು ಎರಡು ಸಲ ಬಡಿಸಿಕೊಳ್ಳುತ್ತಾರೆ. ಚಿನ್ನಿ ಗಂಟಿಲ್ಲದ ಮುದ್ದೆಯನ್ನೂ ಮಚ್ ಮಚ್ ಎಂದು ಜಗಿಯುತ್ತಾಳೆ. ಜಗಿಯಲಿ ಬಿಡಿ. ಅವಳ ಹಲ್ಲು, ಅವಳಿಷ್ಟ!

ಮೊನ್ನೆ ಬೆಳಿಗ್ಗೆ ಅವಳಿಗೆ ಐದನೇ ಹಲ್ಲು ಕಂಡಿತು. ಐದನೆಯದು! ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತಿತ್ತು. ಕೈಯಲ್ಲಿ ಫೋನಿಲ್ಲ. ಮಗುವನ್ನು ಎತ್ತಿಕೊಂಡು ಬೀದಿಗಿಳಿದೆ. ಮನೆಮನೆಗೂ ಹೋಗಿ ತುಟಿ ಎತ್ತಿ ತೋರಿಸಿದೆ. ಬೀದಿಯ ಕೊನೆ ಮುಟ್ಟಿ, ಅಲ್ಲಿಂದ ಇನ್ನೊಮ್ಮೆ ಶುರು ಮಾಡಿದೆ. ಪಕ್ಕದ ಮನೆಯ ಹತ್ತಿರ ಬರುವಾಗ ಒಳಗಿಂದ ಮಾತು ಕೇಳಿಸಿತು.

“ಜಯಕ್ಕ ಬತ್ತಾವ್ಳೆ, ಬಾಗ್ಲಾಕಮ್ಮಿ! ಬೆಳಗ್ಗೆ ಕಳಿಸಿದ್ದನ್ನೇ ತಿರ್ಗಾ ಕಳಿಸ್ತಾವ್ಳೆ!”